ಯುಪಿಎಸ್ ಸರಿ ಇದೆ, ಸ್ವಿಚ್‌ಗೆ ಕರೆಂಟೂ ಇದೆ, ಆದರೆ ಎಂಟು ಪೋರ್ಟ್ ಸತ್ತಿವೆ: ಸಿಡಿಲು ಯಾವ ದಾರಿಯಲ್ಲಿ ಒಳಗೆ ಬಂತು?

ಕಚೇರಿ_ಜಾಲ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಮೊನ್ನೆ ರಾತ್ರಿ ಗುಡುಗು ಸಿಡಿಲು ಜೋರಾಗಿತ್ತು. ಬೆಳಿಗ್ಗೆ ಆಫೀಸ್ ತೆಗೆದಾಗ ಕೆಲವರಿಗೆ ಮಾತ್ರ ನೆಟ್‌ವರ್ಕ್ ಇತ್ತು, ಉಳಿದವರಿಗೆ ಇರಲಿಲ್ಲ. ರ‍್ಯಾಕ್ ಬಾಗಿಲು ತೆಗೆದರೆ ಸುಟ್ಟ ವಾಸನೆ ಏನೂ ಇಲ್ಲ. ಯುಪಿಎಸ್ ನಡೀತಾ ಇದೆ, ರೂಟರ್ ನಡೀತಾ ಇದೆ, 24 ಪೋರ್ಟಿನ ಪಿಒಇ ಸ್ವಿಚ್‌ನ (ನೆಟ್‌ವರ್ಕ್ ತಂತಿಗಳೆಲ್ಲ ಬಂದು ಸೇರುವ, ಆ ತಂತಿಯಲ್ಲೇ ಪವರ್ ಕೂಡ ಕೊಡಬಲ್ಲ ಪೆಟ್ಟಿಗೆ) ಫ್ಯಾನ್ ಕೂಡ ತಿರುಗ್ತಾ ಇದೆ. ಆದರೆ 17ರಿಂದ 24ರವರೆಗಿನ ಪೋರ್ಟ್‌ಗಳಲ್ಲಿ ಒಂದರಲ್ಲೂ ದೀಪ ಇಲ್ಲ. ಆ ಸಾಲಿನಲ್ಲಿದ್ದ ಎರಡು ಕಂಪ್ಯೂಟರ್‌ಗಳ ಲ್ಯಾನ್ ಪೋರ್ಟ್ ಹೋಗಿವೆ, ಬೇರೆ ಸ್ವಿಚ್‌ಗೆ ಹಾಕಿದರೂ ಲಿಂಕ್ ಬರಲ್ಲ. ಫೈಲ್‌ಗಳಿರುವ ನ್ಯಾಸ್ (ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ) ಆನ್ ಆಗುತ್ತೆ, ನೆಟ್‌ವರ್ಕ್‌ನಲ್ಲಿ ಕಾಣಲ್ಲ. ಹಿಂದಿನ ಗೋದಾಮು ಕಟ್ಟಡದಲ್ಲಿದ್ದ ಪುಟ್ಟ 8 ಪೋರ್ಟ್ ಸ್ವಿಚ್ ಅಡಾಪ್ಟರ್ ಸಮೇತ ಸತ್ತಿದೆ.

ರ‍್ಯಾಕ್‌ನಲ್ಲಿರೋ ಎಲ್ಲವೂ ಯುಪಿಎಸ್ ಮೇಲೆ, ಯುಪಿಎಸ್ ಸ್ಪೈಕ್ ಬಸ್ಟರ್ ಮೇಲೆ. ಯುಪಿಎಸ್ ಲಾಗ್‌ನಲ್ಲಿ ಎರಡು ಸಲ ಕೆಲವೇ ಸೆಕೆಂಡ್ ಬ್ಯಾಟರಿಗೆ ಹೋಗಿ ಬಂದದ್ದು ಬಿಟ್ಟರೆ ಬೇರೇನೂ ದಾಖಲಾಗಿಲ್ಲ. ಇಷ್ಟೆಲ್ಲ ಕಾವಲು ಇದ್ದೂ ಹೇಗೆ ಹೋಯ್ತು? ಹೊಸ ಸ್ವಿಚ್ ನಾಳೆ ಬರುತ್ತೆ. ಹಾಕಿ ಮುಂದೆ ಹೋಗೋದಾ, ಅಥವಾ ಮೊದಲು ಏನಾದರೂ ನೋಡ್ಬೇಕಾ? ಹತ್ತೊಂಬತ್ತು ಜನರ ಕೆಲಸ ನಿಂತಿದೆ, ಎಲ್ಲರೂ ನನ್ನ ಮುಖ ನೋಡ್ತಾ ಇದ್ದಾರೆ.

ಜಾಲ_ನಿರ್ವಾಹಕಿ

ಮೊದಲು ಒಂದು ತುರ್ತು ಮಾತು. ಆ ಸ್ವಿಚ್ ಇನ್ನೂ ಅರ್ಧ ಜೀವ ಇಟ್ಟುಕೊಂಡಿದೆ ಅಂದ್ರಲ್ಲ, ಅದನ್ನು ಆಫ್ ಮಾಡಬೇಡಿ. ಕೆಲಸ ಮಾಡುತ್ತಿರುವ ಯಾವುದಾದರೂ ಪೋರ್ಟ್‌ನಿಂದ ಒಳಗೆ ಹೋಗಿ ಕಾನ್ಫಿಗರೇಶನ್ ಫೈಲ್ ಈಗಲೇ ಇಳಿಸಿಕೊಳ್ಳಿ. ಸಿಡಿಲು ತಿಂದ ಪೆಟ್ಟಿಗೆ ಒಮ್ಮೆ ಆಫ್ ಆದ ಮೇಲೆ ಮತ್ತೆ ಏಳದೇ ಇರೋದನ್ನು ಕಂಡಿದ್ದೇನೆ. ವಿಲ್ಯಾನ್‌ಗಳನ್ನು (ಒಂದೇ ಸ್ವಿಚ್ ಒಳಗೆ ಬೇರೆ ಬೇರೆ ಮಾಡಿಟ್ಟ ಜಾಲಗಳು) ನೆನಪಿನಿಂದ ಮತ್ತೆ ಕಟ್ಟುವ ಕಷ್ಟ ಯಾರಿಗೂ ಬೇಡ.

ಎರಡನೆಯದು: 17ರಿಂದ 24. ಸರಿಯಾಗಿ ಎಂಟು. ಇದು ಕಾಕತಾಳೀಯ ಅಲ್ಲ. ಬಹಳಷ್ಟು ಸ್ವಿಚ್‌ಗಳಲ್ಲಿ ಎಂಟೆಂಟು ಪೋರ್ಟಿಗೆ ಒಂದು ಫೈ (PHY) ಚಿಪ್, ಅಂದ್ರೆ ತಂತಿಯ ಸಂಕೇತ ಕಳಿಸಿ ಪಡೆಯುವ ಚಿಪ್ ಇರುತ್ತೆ. ಆ ಎಂಟರಲ್ಲಿ ಯಾವುದೋ ಒಂದು ತಂತಿಯಲ್ಲಿ ಹೊಡೆತ ಬಂದು ಚಿಪ್ ಹೋಗಿದೆ, ಉಳಿದ ಏಳು ಅದರ ಜೊತೆ ಹೋಗಿವೆ. ವಿದ್ಯುತ್ ಕಡೆಯಿಂದ ಬಂದಿದ್ದರೆ ಸ್ವಿಚ್‌ನ ಪವರ್ ಸಪ್ಲೈ ಮೊದಲು ಸಾಯಬೇಕಿತ್ತು. ಅದು ಬದುಕಿದೆ.

ಒಂದು ಕಾಗದ ತಗೊಳ್ಳಿ. 17ರಿಂದ 24ರವರೆಗೆ ಪ್ರತಿ ಪೋರ್ಟ್‌ನ ತಂತಿ ಎಲ್ಲಿಗೆ ಹೋಗುತ್ತೆ, ಕಟ್ಟಡದ ಹೊರಗೆ ಹೋಗುತ್ತಾ ಒಳಗೇ ಇರುತ್ತಾ, ಬರೆದು ಹಾಕಿ.

ಅರ್ಥಿಂಗ್_ಕೆಲಸ

ಮೇಡಂ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದು ಸೇರಿಸ್ತೀನಿ: ಹೊಸ ಸ್ವಿಚ್‌ಗೆ ಹಳೇ ಕೇಬಲ್‌ಗಳನ್ನು ಹಾಗೇ ಚುಚ್ಚಬೇಡಿ. ಸಿಡಿಲಿಗೆ ನಿಮ್ಮ ಆಫೀಸಿನ ದಾರಿ ಗೊತ್ತಾಗಿದೆ. ಆ ದಾರಿ ಇನ್ನೂ ಹಾಗೇ ಇದೆ.

ಮೀಟರ್ ಹಿಡಿದು ಎರಡೂ ಕಟ್ಟಡದಲ್ಲಿ ಮೂರು ಅಳತೆ ತಗೊಳ್ಳಿ. ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್. ಮೊದಲ ಎರಡೂ 230ರ ಹತ್ತಿರ ಇರಬೇಕು, ಮೂರನೆಯದು ಒಂದೆರಡು ವೋಲ್ಟ್ ಇದ್ದರೆ ಚಿಂತೆ ಇಲ್ಲ. ನ್ಯೂಟ್ರಲ್-ಅರ್ತ್ ನಡುವೆ ಹತ್ತಾರು ವೋಲ್ಟ್ ತೋರಿಸಿದರೆ, ಇಲ್ಲವೇ ಫೇಸ್-ಅರ್ತ್ ಅಳತೆ ಎಲ್ಲೆಲ್ಲೋ ಅಲೆದಾಡಿದರೆ, ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಇದನ್ನೂ ಅವರಿಂದಲೇ ಮಾಡಿಸಿ, ಸಂಕೋಚ ಬೇಡ.

ಕಚೇರಿ_ಜಾಲ

ಕಾನ್ಫಿಗರೇಶನ್ ಇಳಿಸಿಕೊಂಡೆ ಮೇಡಂ, ತುಂಬಾ ಉಪಕಾರ ಆಯ್ತು. ಇದಕ್ಕೆ ಮುಂಚೆ ಬ್ಯಾಕಪ್ ಅಂತ ಒಂದೂ ಇರಲಿಲ್ಲ.

ಪೋರ್ಟ್‌ಗಳ ಪಟ್ಟಿ: 17 ಗೋದಾಮಿನ ಸ್ವಿಚ್‌ಗೆ ಹೋಗುತ್ತೆ. ಸುಮಾರು 60 ಮೀಟರ್ ಕ್ಯಾಟ್ 6 ಕೇಬಲ್, ಎರಡು ಕಟ್ಟಡದ ನಡುವೆ ಗೋಡೆಯಿಂದ ಗೋಡೆಗೆ ಎಳೆದಿದ್ದಾರೆ. 18 ಮಹಡಿ ಮೇಲಿನ ವೈಫೈಗೆ. 19 ಗೇಟ್ ಕಂಬದ ಕ್ಯಾಮೆರಾಗೆ. 20, 21 ಒಳಗಿನ ಕಂಪ್ಯೂಟರ್‌ಗಳು. 22 ನ್ಯಾಸ್. 23, 24 ಖಾಲಿ.

ಅಳತೆ: ಆಫೀಸಿನಲ್ಲಿ 228, 227, ನ್ಯೂಟ್ರಲ್-ಅರ್ತ್ 1ಕ್ಕಿಂತ ಸ್ವಲ್ಪ ಹೆಚ್ಚು. ಗೋದಾಮಿನಲ್ಲಿ 226, ಫೇಸ್-ಅರ್ತ್ 219, ನ್ಯೂಟ್ರಲ್-ಅರ್ತ್ 7. ಗೋದಾಮಿಗೆ ಬೇರೆ ಮೀಟರ್, ಬೇರೆ ಅರ್ತ್ ಗುಂಡಿ ಇದೆ. ಅದು ಮುಖ್ಯವಾ?

ಅರ್ಥಿಂಗ್_ಕೆಲಸ

ಮುಖ್ಯವಾ ಅಂದ್ರೆ, ಸರ್, ಇಡೀ ಕಥೆಯೇ ಅದು.

ಸಿಡಿಲು ನಿಮ್ಮ ಕೇಬಲ್‌ಗೇ ಬಡಿಯಬೇಕಾಗಿಲ್ಲ. ಹತ್ತಿರದಲ್ಲಿ ಎಲ್ಲೋ ಮರಕ್ಕೋ ಕಂಬಕ್ಕೋ ಬಡಿದು ನೆಲಕ್ಕಿಳಿದರೆ ಸಾಕು. ಒಂದು ಸಿಡಿಲಿನ ಮೊದಲ ಹೊಡೆತದಲ್ಲಿ ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಆಸುಪಾಸು ಹರಿಯುತ್ತೆ. ಅದರಲ್ಲಿ ಬರೀ 1000 ಆಂಪಿಯರ್ ನಿಮ್ಮ ಗೋದಾಮಿನ ಅರ್ತ್ ಮೂಲಕ ಇಳೀತು ಅಂತ ಇಟ್ಕೊಳ್ಳಿ, ಆ ಅರ್ತಿನ ತಡೆ 10 ಓಮ್ ಅಂತ ಇಟ್ಕೊಳ್ಳಿ. ಸಾವಿರ ಗುಣಿಸು ಹತ್ತು, 10,000 ವೋಲ್ಟ್. ಆ ಕ್ಷಣದಲ್ಲಿ ಗೋದಾಮಿನ ನೆಲವೇ ಆಫೀಸಿನ ನೆಲಕ್ಕಿಂತ 10,000 ವೋಲ್ಟ್ ಮೇಲಕ್ಕೆ ಎದ್ದಿರುತ್ತೆ. ಎರಡಕ್ಕೂ ನಡುವೆ ಇರೋ ತಾಮ್ರ ಯಾವುದು? ನಿಮ್ಮ 17ನೇ ಪೋರ್ಟ್‌ನ ಕೇಬಲ್.

ಈಥರ್‌ನೆಟ್ ಪೋರ್ಟ್‌ನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, ತಂತಿಗೂ ಚಿಪ್‌ಗೂ ನೇರ ಸಂಪರ್ಕ ಇರಬಾರದು ಅಂತ. ಮಾನದಂಡದ ಪ್ರಕಾರ ಅದು 1500 ವೋಲ್ಟ್ ಎಸಿಯನ್ನು ಒಂದು ನಿಮಿಷ ತಡೆದುಕೊಳ್ಳಬೇಕು. ಕ್ಷಣಮಾತ್ರದ ಹೊಡೆತವಾದರೆ 2400 ವೋಲ್ಟ್. 10,000ದ ಮುಂದೆ ಅದು ಏನು ಮಾಡೀತು? ಸಿಗಿದುಕೊಂಡು ಹೋಗುತ್ತೆ.

ಯುಪಿಎಸ್, ಸ್ಪೈಕ್ ಬಸ್ಟರ್ ಎರಡೂ ಕರೆಂಟ್ ಬರುವ ಬಾಗಿಲಲ್ಲಿ ನಿಂತಿದ್ದವು. ಅವುಗಳ ತಪ್ಪಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು.

ಹೊಸಬ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ರಾತ್ರಿ ಮನೆಗೆ ಹೋಗುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಹೋಗಿದ್ದರೆ ಇದು ತಪ್ಪುತ್ತಿತ್ತಾ? ನಮ್ಮಲ್ಲಿ ದಿನಾ ಹಾಗೇ ಮಾಡ್ತೀವಿ.

ಅರ್ಥಿಂಗ್_ಕೆಲಸ

ಇಲ್ಲಪ್ಪ. ಗೋಡೆ ಸ್ವಿಚ್ ಆಫ್ ಆದಾಗ ಒಳಗೆ ಬಿಡುವ ಅಂತರ ಕೆಲವೇ ಮಿಲಿಮೀಟರ್. ಮೋಡದಿಂದ ನೆಲಕ್ಕೆ ಕಿಲೋಮೀಟರ್‌ಗಟ್ಟಲೆ ಜಿಗಿದು ಬಂದದ್ದಕ್ಕೆ ಅದು ಲೆಕ್ಕವೇ ಅಲ್ಲ. ಅದೂ ಅಲ್ಲದೆ ಆ ಸ್ವಿಚ್ ಫೇಸ್ ಒಂದನ್ನೇ ಕತ್ತರಿಸುವುದು ಹೆಚ್ಚು, ನ್ಯೂಟ್ರಲ್ ಮತ್ತು ಅರ್ತ್ ಕೂಡಿಕೊಂಡೇ ಇರುತ್ತವೆ. ಪ್ಲಗ್ ಕಿತ್ತರೆ ಪ್ರಯೋಜನ ಇದೆ, ಆದರೆ ಜೊತೆಗೆ ಹೊರಗಿನಿಂದ ಬರುವ ಡೇಟಾ ಕೇಬಲ್ ಕೂಡ ಕಿತ್ತಿರಬೇಕು. ಒಂದು ಕಿತ್ತು ಒಂದು ಬಿಟ್ಟರೆ ಅರ್ಧ ಕೆಲಸ.

ಕೀಳೋದಿದ್ದರೆ ಮಳೆ ಮೋಡ ಕಾಣುವಾಗಲೇ ಕೀಳಬೇಕು. ಗುಡುಗು ಕೇಳಿಸಲು ಶುರುವಾದ ಮೇಲೆ ತಂತಿ ಮುಟ್ಟಬೇಡಿ. ಪೆಟ್ಟಿಗೆ ಇನ್ನೊಂದು ತರಬಹುದು.

ರಿಪೇರಿ_ಮೇಜು

ಇಂಥ ಸ್ವಿಚ್‌ಗಳು ಮಳೆಗಾಲ ಬಂದರೆ ನನ್ನ ಮೇಜಿನ ಮೇಲೆ ಸಾಲಾಗಿ ಬರುತ್ತವೆ. ಒಳಗೆ ಏನಾಗಿರುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತೆ.

ಮೇಲಿನ ತಗಡು ತೆಗೆದು ದೀಪ ಓರೆಯಾಗಿ ಹಿಡಿದರೆ ಆರ್‌ಜೆ45 ಸಾಕೆಟ್‌ಗಳ ಹಿಂದೆ ಸಾಲಾಗಿ ಕಪ್ಪು ಚೌಕ ಬಿಲ್ಲೆಗಳು ಕಾಣುತ್ತವೆ. ಅವೇ ಟ್ರಾನ್ಸ್‌ಫಾರ್ಮರ್‌ಗಳು. ಹೊಡೆತ ತಿಂದದ್ದರ ಮೈಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ತೂತು ಇರುತ್ತೆ, ಸುತ್ತ ಕಂದು ಬಣ್ಣದ ಮಸಿ. ಅದರ ಪಕ್ಕದಲ್ಲಿ ಶೀಲ್ಡ್ ಕಡೆಗೆ ಹೋಗುವ ಪುಟ್ಟ 2 ಕಿಲೋವೋಲ್ಟ್ ಕೆಪಾಸಿಟರ್ ಸೀಳಿರುತ್ತೆ. ಕೆಲವೊಮ್ಮೆ ಬೋರ್ಡಿನ ತಾಮ್ರದ ಗೆರೆಯೇ ಆವಿಯಾಗಿ ಹೋಗಿ, ಅದಿದ್ದ ಜಾಗದಲ್ಲಿ ಹಸಿರು ಬಣ್ಣ ಸುಲಿದು ನೆರಳಿನಂಥ ಗುರುತು ಉಳಿದಿರುತ್ತೆ. ಆ ಗುರುತಿನ ಮೇಲೆ ಬೆರಳಾಡಿಸಿದರೆ ಒರಟು ಒರಟಾಗಿ ಸಿಗುತ್ತೆ. ನಿಮ್ಮ 17, 18, 19ರ ಹಿಂದೆ ಇದರಲ್ಲಿ ಒಂದಾದರೂ ಖಂಡಿತ ಇರುತ್ತೆ. 20, 21, 22ರ ಬಿಲ್ಲೆಗಳು ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು, ಅವು ಚಿಪ್ ಮೂಲಕ ಒಳಗಿನಿಂದ ಹೋದವು. ನಿಮ್ಮ ಕಂಪ್ಯೂಟರ್‌ಗಳಿಗೂ ನ್ಯಾಸ್‌ಗೂ ಪೆಟ್ಟು ಬಿದ್ದದ್ದು ಹಾಗೇ ಒಳಗಿಂದ ಹೊರಗೆ.

ಚಿಪ್ ಬದಲಿಸಿ ಎಂಟು ಪೋರ್ಟ್ ಬದುಕಿಸಬಹುದು, ಮಾಡಿದ್ದೇನೆ ಕೂಡ. ಆದರೆ ಆಫೀಸಿನ ಮುಖ್ಯ ಸ್ವಿಚ್ ಆಗಿ ಅದನ್ನು ಮತ್ತೆ ಬಳಸಿ ಅಂತ ನಾನು ಯಾರಿಗೂ ಹೇಳಲ್ಲ. ಉಳಿದ 16 ಪೋರ್ಟ್‌ಗಳು ಎಷ್ಟು ಪೆಟ್ಟು ತಿಂದಿವೆ ಅಂತ ನನ್ನ ಯಾವ ಮೀಟರೂ ತೋರಿಸಲ್ಲ.

ದಯವಿಟ್ಟು ಕುತೂಹಲಕ್ಕೆ ನೀವೇ ತೆಗೆದು ನೋಡಬೇಡಿ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು, ಸತ್ತ ಸಪ್ಲೈನಲ್ಲಂತೂ ಇನ್ನೂ ಹೆಚ್ಚು ಹೊತ್ತು, ಯಾಕಂದ್ರೆ ಅದನ್ನು ಬಳಸಿ ಖಾಲಿ ಮಾಡಲು ಏನೂ ನಡೀತಾ ಇರಲ್ಲ.

ಸಂಜೆ_ಪಾಳಿ

ನಮ್ಮಲ್ಲಿ ಇದೇ ತೊಂದರೆ ಆದಾಗ ಸರ್ವರ್ ರ‍್ಯಾಕ್‌ಗೆ ಅಂತಲೇ ಬೇರೆ ಅರ್ತ್ ಗುಂಡಿ ತೆಗೆಸಿದೆವು. ಕಟ್ಟಡದ ಅರ್ತ್ ಜೊತೆ ಸೇರಿಸಿಲ್ಲ, ಏರ್‌ಕಂಡಿಷನರ್, ಲಿಫ್ಟ್‌ಗಳ ವಿದ್ಯುತ್ ಗಲೀಜು ಬರಬಾರದು ಅಂತ ಶುದ್ಧವಾಗಿ ಬೇರೆ ಇಟ್ಟಿದ್ದೇವೆ. ನೀವೂ ಹಾಗೇ ಮಾಡಿ. ತಡೆ ಒಂದು ಓಮ್‌ಗಿಂತ ಕಡಿಮೆ ಬರೋ ಹಾಗೆ ನೋಡಿಕೊಳ್ಳಿ.

ಅರ್ಥಿಂಗ್_ಕೆಲಸ

ಅಣ್ಣ, ಕೋಪ ಮಾಡ್ಕೋಬೇಡಿ, ಇದನ್ನು ಯಾರೂ ಅನುಸರಿಸಬಾರದು ಅಂತ ಕೈಮುಗಿದು ಕೇಳ್ತೀನಿ. ಒಳ್ಳೇ ಉದ್ದೇಶದಿಂದ ಮಾಡಿದ ಈ ಕೆಲಸವೇ ಎಷ್ಟೋ ಪೆಟ್ಟಿಗೆಗಳನ್ನು ಸುಟ್ಟಿದೆ.

ರ‍್ಯಾಕ್‌ಗೆ ಒಂದು ಅರ್ತ್, ಕಟ್ಟಡಕ್ಕೆ ಇನ್ನೊಂದು. ಎರಡೂ ಕೂಡಿಲ್ಲ. ಸಿಡಿಲು ಬಡಿದಾಗ ಒಂದು ಮೇಲೇಳುತ್ತೆ, ಇನ್ನೊಂದು ಏಳಲ್ಲ. ಆ ವ್ಯತ್ಯಾಸ ಎಲ್ಲಿ ಬೀಳುತ್ತೆ? ರ‍್ಯಾಕ್ ಒಳಗಿರುವ ಯಂತ್ರಗಳ ಮೇಲೆ. ಇವರಿಗೆ ಎರಡು ಕಟ್ಟಡದ ನಡುವೆ ಆದದ್ದು ನಿಮಗೆ ಒಂದೇ ಕೋಣೆಯಲ್ಲಿ ಆಗುತ್ತೆ. ಮನುಷ್ಯರಿಗೂ ಅಪಾಯ: ಒಂದು ಕೈ ರ‍್ಯಾಕ್ ಮೇಲೆ, ಇನ್ನೊಂದು ಕೈ ಕಟ್ಟಡದ ಅರ್ತಿಗೆ ಸೇರಿದ ಯಾವುದೋ ಲೋಹದ ಮೇಲೆ ಇದ್ದರೆ?

ಗುಂಡಿ ಎಷ್ಟಾದರೂ ಇರಲಿ, ಎಲ್ಲವೂ ಮುಖ್ಯ ಅರ್ತ್ ಬಾರ್‌ಗೆ ದಪ್ಪ ತಂತಿಯಲ್ಲಿ ಕೂಡಬೇಕು. ನೆಲ ಎದ್ದರೆ ಎಲ್ಲವೂ ಒಟ್ಟಿಗೆ ಏಳಬೇಕು, ದೋಣಿಯಲ್ಲಿ ಕೂತವರೆಲ್ಲ ಅಲೆ ಜೊತೆ ಒಟ್ಟಿಗೆ ಏಳುವ ಹಾಗೆ. ಒಂದು ಓಮ್, ಅರ್ಧ ಓಮ್ ಅನ್ನೋ ಲೆಕ್ಕಕ್ಕಿಂತ ಕೂಡಿಸೋದು ದೊಡ್ಡದು.

ಸಂಜೆ_ಪಾಳಿ

ಕೋಪ ಏನಿಲ್ಲ. ಗುಂಡಿ ತೆಗೆದ ಮೇಲೂ ಒಂದು ಸ್ವಿಚ್ ಹೋಗಿತ್ತು, ಕಾರಣ ಗೊತ್ತಾಗಿರಲಿಲ್ಲ. ಈಗ ಅರ್ಥ ಆಗ್ತಾ ಇದೆ. ನಾಳೆಯೇ ಎಲೆಕ್ಟ್ರಿಷಿಯನ್ ಕರೆಸಿ ಮುಖ್ಯ ಬಾರ್‌ಗೆ ಸೇರಿಸ್ತೀನಿ.

ಜಾಲ_ನಿರ್ವಾಹಕಿ

@ಕಚೇರಿ_ಜಾಲ, ನ್ಯಾಸ್ ಬಗ್ಗೆ ನನಗೆ ಹೆಚ್ಚು ಕಾಳಜಿ. ಹಿಂಭಾಗದಲ್ಲಿ ಎರಡನೇ ಲ್ಯಾನ್ ಪೋರ್ಟ್ ಇದೆಯಾ ನೋಡಿ. ಇದ್ದರೆ 1ರಿಂದ 16ರಲ್ಲಿ ಕೆಲಸ ಮಾಡುವ ಯಾವುದಾದರೂ ಪೋರ್ಟ್‌ಗೆ ಹಾಕಿ. ಕಾಣಿಸಿಕೊಂಡ ತಕ್ಷಣ ಮಾಡಬೇಕಾದ್ದು ಒಂದೇ, ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲಿಸೋದು. ಜನ ಕೆಲಸ ಶುರು ಮಾಡೋದು ಆಮೇಲೆ. ಎರಡು ಡಿಸ್ಕ್ ಹಾಕಿ ರೇಡ್ (ಒಂದರ ನಕಲು ಇನ್ನೊಂದರಲ್ಲಿ) ಮಾಡಿದ್ದೇವೆ, ಸಾಕು ಅಂತ ಹೇಳಬೇಡಿ. ಒಂದೇ ಪೆಟ್ಟಿಗೆ, ಒಂದೇ ಪವರ್ ಸಪ್ಲೈ. ಹೊಡೆತ ಬಿದ್ದರೆ ಎರಡೂ ಡಿಸ್ಕ್ ಒಟ್ಟಿಗೇ ಹೋಗಬಹುದು.

ಕಚೇರಿ_ಜಾಲ

ಎರಡನೇ ಪೋರ್ಟ್ ಇದೆ! ಇಷ್ಟು ದಿನ ಅದರ ಮೇಲಿನ ರಬ್ಬರ್ ಮುಚ್ಚಳ ತೆಗೆದಿರಲೇ ಇಲ್ಲ. ಹಾಕಿದೆ, ಬಂತು. ನಕಲು ಓಡ್ತಾ ಇದೆ, ಇನ್ನೂ ನಾಲ್ಕು ಗಂಟೆ ತೋರಿಸ್ತಾ ಇದೆ. ನಿನ್ನೆ ಬೆಳಿಗ್ಗೆಯಿಂದ ಈಗಲೇ ಸರಿಯಾಗಿ ಉಸಿರಾಡಿದ್ದು.

ರಿಪೇರಿ_ಮೇಜು

ಸಂತೋಷ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ಡಿಸ್ಕೇ ಏಳದಿದ್ದರೆ ಅದೇ ಮಾದರಿಯ ಇನ್ನೊಂದು ಡಿಸ್ಕ್ ತಂದು ಅದರ ಬೋರ್ಡ್ ಬಿಚ್ಚಿ ಹಾಕುವ ಪ್ರಯೋಗ ಮಾಡಬೇಡಿ. ಈಗಿನ ಡಿಸ್ಕ್‌ಗಳಲ್ಲಿ ಆಯಾ ಡಿಸ್ಕಿಗೇ ಹೊಂದಿಸಿದ ವಿವರ ಬೋರ್ಡಿನ ಮೇಲಿನ ಒಂದು ಪುಟ್ಟ ರೋಮ್ ಚಿಪ್‌ನಲ್ಲಿರುತ್ತೆ. ಅದನ್ನು ವರ್ಗಾಯಿಸದೆ ಬೋರ್ಡ್ ಬದಲಿಸಿದರೆ ಪ್ರಯೋಜನ ಇಲ್ಲ. ಎಷ್ಟೋ ಸಲ ಹೋಗಿರೋದು ಬೋರ್ಡಿನ ಟಿವಿಎಸ್ ಡಯೋಡ್ ಒಂದೇ. ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡಿರುತ್ತೆ. ಮುಖ್ಯ ಡೇಟಾ ಇದ್ದರೆ ಈ ಕೆಲಸ ಬಲ್ಲವರಿಗೇ ಕೊಡಿ.

ಲೆಕ್ಕಪತ್ರ

ನಾನು ತಾಂತ್ರಿಕ ಕಡೆಯವಳಲ್ಲ, ಆಫೀಸಿನ ವಿಮೆ ಕಡತ ನೋಡಿಕೊಳ್ಳೋಳು. ಸತ್ತ ಪೆಟ್ಟಿಗೆಗಳನ್ನು ಎಸೆಯಬೇಡಿ, ರಿಪೇರಿಗೂ ಈಗಲೇ ಕೊಡಬೇಡಿ. ಮೊದಲು ಅವು ಇರುವ ಜಾಗದಲ್ಲೇ ಫೋಟೋ, ಸೀರಿಯಲ್ ನಂಬರ್ ಕಾಣುವ ಹಾಗೆ ಇನ್ನೊಂದು ಫೋಟೋ, ಖರೀದಿ ಬಿಲ್. ಯುಪಿಎಸ್ ಲಾಗ್‌ನ ಪ್ರತಿಯನ್ನೂ ಇಟ್ಟುಕೊಳ್ಳಿ, ಸಮಯ ಅದರಲ್ಲಿದೆ. ವಿಮೆ ಕಂಪನಿಗೆ ತಿಳಿಸಿ, ಅವರು ನೋಡಿದ ಮೇಲೆ ಮುಂದಿನದು. ಪಾಲಿಸಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣ ಸೇರಿದೆಯಾ, ಬೆಂಕಿಯ ಭಾಗ ಮಾತ್ರ ಇದೆಯಾ ಅಂತ ಇವತ್ತೇ ಓದಿ. ಪೋರ್ಟ್‌ವಾರು ಬರೆದ ಆ ಕಾಗದವನ್ನು ಜೋಪಾನ ಮಾಡಿ, ಪರಿಶೀಲನೆಗೆ ಬಂದವರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.

ಎರಡನೇ_ಮಹಡಿ

ನಮ್ಮ ಆಫೀಸಿನಲ್ಲೂ ಕಳೆದ ವರ್ಷ ಒಂದೇ ಮಧ್ಯಾಹ್ನ ಹನ್ನೊಂದು ಅಡಾಪ್ಟರ್, ಎರಡು ಸ್ವಿಚ್ ಹೋದವು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ನನ್ನ ಕಡೆ ಟ್ಯೂಬ್‌ಲೈಟ್‌ಗಳು ಒಮ್ಮೆಲೇ ಝಗ್ಗನೆ ಬೆಳಗಿದವು, ಎದುರು ಸಾಲಿನವು ಮಂಕಾದವು. ಆಮೇಲೆ ಪಟಪಟ ಸದ್ದು. ಸ್ಪೈಕ್ ಬಸ್ಟರ್ ಒಂದರಿಂದ ಹೊಗೆ ಬಂತು. ನಮ್ಮ ಮೇಲ್ವಿಚಾರಕರು ಇದನ್ನೂ ಸರ್ಜ್ (ಕ್ಷಣಮಾತ್ರದ ವೋಲ್ಟೇಜ್ ಹೊಡೆತ) ಅಂತಲೇ ಬರೆದರು. ಇಲ್ಲಿ ಓದಿದ ಮೇಲೆ ಅನುಮಾನ ಬರ್ತಾ ಇದೆ.

ಅರ್ಥಿಂಗ್_ಕೆಲಸ

ಒಂದು ಕಡೆ ಝಗ್ಗನೆ, ಇನ್ನೊಂದು ಕಡೆ ಮಂಕು. ಅದು ನ್ಯೂಟ್ರಲ್ ಕಡಿದದ್ದು, ಬೇರೆ ಮಾತೇ ಇಲ್ಲ.

ಮೂರು ಫೇಸ್ ಬರುವ ಕಟ್ಟಡದಲ್ಲಿ ಪ್ರತಿ ಫೇಸ್‌ಗೂ ನ್ಯೂಟ್ರಲ್‌ಗೂ 230, ಫೇಸ್ ಫೇಸ್ ನಡುವೆ 400. ನ್ಯೂಟ್ರಲ್ ಎಲ್ಲೋ ಸಡಿಲವಾಗಿ ಬಿಟ್ಟುಹೋದರೆ ನಡುವಿನ ಬಿಂದುವಿಗೆ ಹಿಡಿತ ಇರಲ್ಲ, ಭಾರ (ಲೋಡ್, ಅಂದ್ರೆ ಕರೆಂಟ್ ಬಳಕೆ) ಹೆಚ್ಚಿರುವ ಫೇಸ್ ಕಡೆಗೆ ವಾಲುತ್ತೆ. ಭಾರ ಹೆಚ್ಚಿರೋ ಕಡೆ ವೋಲ್ಟೇಜ್ ಬೀಳುತ್ತೆ, ಕಡಿಮೆ ಇರೋ ಕಡೆ ಏರುತ್ತೆ. ಒಂದರಲ್ಲಿ 120, ಇನ್ನೊಂದರಲ್ಲಿ 320 ನಾನೇ ಅಳೆದಿದ್ದೇನೆ.

ಇದು ಸಿಡಿಲಿನ ಹಾಗೆ ಮೈಕ್ರೋಸೆಕೆಂಡಿನ ಹೊಡೆತ ಅಲ್ಲ. ನ್ಯೂಟ್ರಲ್ ಸರಿ ಮಾಡುವವರೆಗೆ ನಿಮಿಷಗಟ್ಟಲೆ ನಿಲ್ಲುತ್ತೆ. ಸ್ಪೈಕ್ ಬಸ್ಟರ್ ಒಳಗಿನ ಎಂಒವಿ ಅನ್ನೋ ಬಿಲ್ಲೆ ಕ್ಷಣದ ಹೊಡೆತ ನುಂಗೋದಕ್ಕೆ ಇರೋದು. ಸಾಮಾನ್ಯವಾಗಿ ಅದು 275 ವೋಲ್ಟ್‌ವರೆಗೆ ಸುಮ್ಮನಿರುವಂಥದ್ದು. 320 ಕೊಟ್ಟು ನಿಲ್ಲಿಸಿದರೆ ಕಾಯುತ್ತಾ ಕಾಯುತ್ತಾ ಸುಟ್ಟುಹೋಗುತ್ತೆ. ಹೊಗೆ ಬಂದದ್ದು ಅದಕ್ಕೇ.

ರಿಪೇರಿ_ಮೇಜು

ಮೇಜಿನ ಮೇಲೂ ಎರಡರ ಗುರುತು ಬೇರೆ ಬೇರೆ. 230 ವೋಲ್ಟ್ ಎಸಿ ನೇರವಾಗಿ ಡಿಸಿ ಆದಾಗ ಸುಮಾರು 325 ವೋಲ್ಟ್, ಕೆಪಾಸಿಟರ್ ಮೇಲೆ ಬರೆದಿರೋದು 400 ಇಲ್ಲವೇ 450. ಎಸಿ 320 ಆದರೆ ಡಿಸಿ 450 ದಾಟಿತು. ಕೆಪಾಸಿಟರ್‌ನ ತಲೆ ಉಬ್ಬಿ, ಮೇಲಿನ ಗೀಟು ಬಿರಿದು, ಒಳಗಿನ ಕಾಗದದಂಥದ್ದು ಹೊರಗೆ ಬಂದಿರುತ್ತೆ, ಮೀನಿನಂಥ ವಾಸನೆ. ಪೋರ್ಟ್‌ಗಳು ಮಾತ್ರ ಚೆನ್ನಾಗಿರುತ್ತವೆ. ಸಪ್ಲೈ ಬದಲಿಸಿದರೆ ಎಷ್ಟೋ ಸಲ ಪೆಟ್ಟಿಗೆ ಬದುಕುತ್ತೆ. ಕಚೇರಿ_ಜಾಲ ಅವರದ್ದು ಸರಿಯಾಗಿ ತಿರುಗಾಮುರುಗಾ: ಸಪ್ಲೈ ಚೆನ್ನಾಗಿದೆ, ಪೋರ್ಟ್ ಸತ್ತಿದೆ.

ಅರ್ಥಿಂಗ್_ಕೆಲಸ

ಹಾಗಾಗಿ ಎರಡನೇ_ಮಹಡಿ ಅವರೇ, ನಿಮಗೆ ಬೇಕಾದ್ದು ಸರ್ಜ್ ಅರೆಸ್ಟರ್ ಅಲ್ಲ. ವೋಲ್ಟೇಜ್ ಮಿತಿ ದಾಟಿದರೆ ಕತ್ತರಿಸುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಜೊತೆಗೆ ಪ್ಯಾನೆಲ್‌ನ ನ್ಯೂಟ್ರಲ್ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ ಬಿಗಿ ನೋಡಿಸಿ. ಜನರೇಟರ್ ಇದ್ದರೆ ಚೇಂಜ್‌ಓವರ್‌ನಲ್ಲಿ ನ್ಯೂಟ್ರಲ್ ಸಂಪರ್ಕ ಸವೆದಿದೆಯಾ ಅದನ್ನೂ ನೋಡಿಸಿ. ಅಲ್ಲಿ ಇಂಥ ಅನಾಹುತ ಬಹಳ ಆಗುತ್ತೆ.

ಕಚೇರಿ_ಜಾಲ

ಹೊಸ ಸ್ವಿಚ್ ಬಂದಿದೆ, ಪೆಟ್ಟಿಗೆಯಲ್ಲೇ ಇದೆ. ಒಳಗಿನ ಕಂಪ್ಯೂಟರ್‌ಗಳಿಗೆ ಹಳೆಯದರ 16 ಪೋರ್ಟ್ ಸದ್ಯಕ್ಕೆ ಓಡ್ತಾ ಇದೆ. ಗೋದಾಮು, ಮಹಡಿ, ಗೇಟ್ ಮೂರೂ ಕೇಬಲ್ ಕಿತ್ತಿಟ್ಟಿದ್ದೇನೆ. ಈಗ ಏನು ಮಾಡಲಿ ಹೇಳಿ. ಗೋದಾಮಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕಾ? ಶೀಲ್ಡ್ ಇರುವ ಕೇಬಲ್ ಎಳೆಸು ಅಂತ ಒಬ್ಬರು ಹೇಳಿದರು.

ಜಾಲ_ನಿರ್ವಾಹಕಿ

ಗೋದಾಮಿಗೆ ತಾಮ್ರವೇ ಬೇಡ. ಫೈಬರ್ ಹಾಕಿ. ಗಾಜಿನಲ್ಲಿ ವಿದ್ಯುತ್ ಹರಿಯಲ್ಲ. ಎರಡು ನೆಲಗಳ ನಡುವೆ ಹತ್ತು ಸಾವಿರ ವೋಲ್ಟ್ ಇರಲಿ, ಐವತ್ತು ಸಾವಿರ ಇರಲಿ, ಅದಕ್ಕೆ ಗೊತ್ತೇ ಆಗಲ್ಲ. ಪ್ರೊಟೆಕ್ಟರ್ ಅನ್ನೋದು ಹೊಡೆತವನ್ನು ತಗ್ಗಿಸುತ್ತೆ. ಫೈಬರ್ ದಾರಿಯನ್ನೇ ಇಲ್ಲವಾಗಿಸುತ್ತೆ.

ಶೀಲ್ಡ್ ಕೇಬಲ್ ಬೇರೆ ಬೇರೆ ಅರ್ತ್ ಇರುವ ಎರಡು ಕಟ್ಟಡಗಳ ನಡುವೆ ಎಳೆಯೋದು ಇನ್ನೂ ಕೆಟ್ಟದ್ದು. ಎರಡೂ ತುದಿ ಅರ್ತಿಗೆ ಸೇರಿದರೆ ಆ ತೆಳು ಹಾಳೆಯೇ ಎರಡು ನೆಲಗಳನ್ನು ಸಮ ಮಾಡುವ ತಂತಿಯಾಗಿಬಿಡುತ್ತೆ.

60 ಮೀಟರ್‌ಗೆ ಯಾವ ಫೈಬರ್ ಆದರೂ ನಡೆಯುತ್ತೆ. ಮೂರು ವಿಷಯ ನೋಡಿಕೊಳ್ಳಿ. ತುದಿ ಕಟ್ಟಿಯೇ ಬರುವ ಕೇಬಲ್ ತಗೊಂಡರೆ ಸ್ಪ್ಲೈಸ್ ಮಾಡುವವರಿಗಾಗಿ (ಗಾಜಿನ ಎಳೆ ಬೆಸೆಯುವವರು) ಕಾಯಬೇಕಿಲ್ಲ. ಎರಡೂ ತುದಿಯ ಎಸ್‌ಎಫ್‌ಪಿ (ಫೈಬರ್ ಚುಚ್ಚುವ ಪುಟ್ಟ ಮಾಡ್ಯೂಲ್) ಒಂದಕ್ಕೊಂದು ಹೊಂದಬೇಕು, ಸಿಂಗಲ್ ಮೋಡ್ (ಫೈಬರ್‌ನ ಒಂದು ಬಗೆ) ಅಂದ್ರೆ ಎರಡೂ ಕಡೆ ಸಿಂಗಲ್ ಮೋಡ್. ಮೂರನೆಯದನ್ನು ಬಹಳ ಜನ ಮರೀತಾರೆ: ಉಕ್ಕಿನ ಕವಚವೋ, ಜೊತೆಗೆ ಎಳೆದ ಉಕ್ಕಿನ ತಂತಿಯೋ ಇರುವ ಫೈಬರ್ ಕೇಬಲ್ ತಗೊಂಡರೆ ಸಿಡಿಲಿಗೆ ಅದು ಮತ್ತೆ ತಂತಿಯೇ. ಲೋಹವೇ ಇಲ್ಲದ ಕೇಬಲ್ ಕೇಳಿ ತಗೊಳ್ಳಿ. ಸಿಗದಿದ್ದರೆ ಒಳಬರುವ ಜಾಗದಲ್ಲೇ ಲೋಹವನ್ನು ಹಿಂದಕ್ಕೆ ಕತ್ತರಿಸಿ ಅರ್ತ್ ಬಾರ್‌ಗೆ ಸೇರಿಸಬೇಕು, ರ‍್ಯಾಕ್‌ವರೆಗೆ ತರಬಾರದು.

ಮಹಡಿಯ ವೈಫೈ, ಗೇಟ್ ಕ್ಯಾಮೆರಾ ಎರಡಕ್ಕೂ ಕೇಬಲ್‌ನಲ್ಲೇ ಪವರ್ ಹೋಗಬೇಕು, ಅಲ್ಲಿ ತಾಮ್ರ ತಪ್ಪಿಸೋದು ಕಷ್ಟ. ನಾನು ಮಾಡೋದು ಹೀಗೆ. ಹೊರಗೆ ಹೋಗುವ ತಾಮ್ರ ಯಾವುದೂ ಮುಖ್ಯ ಸ್ವಿಚ್ ಮುಟ್ಟಬಾರದು. ಅವುಗಳಿಗೆ ಒಂದು ಚಿಕ್ಕ ಪಿಒಇ ಸ್ವಿಚ್ ಬೇರೆ ಇಡಿ, ಆ ಸ್ವಿಚ್‌ನಿಂದ ಮುಖ್ಯ ಸ್ವಿಚ್‌ಗೆ ಎರಡೇ ಮೀಟರ್ ಆದರೂ ಸರಿ, ಫೈಬರ್ ಹಾಕಿ. ಮುಂದೊಂದು ದಿನ ಹೊಡೆತ ಬಿದ್ದರೆ ಹೋಗೋದು ಆ ಚಿಕ್ಕದು ಮಾತ್ರ. ನಿಮ್ಮ ನ್ಯಾಸ್, ಕಂಪ್ಯೂಟರ್‌ಗಳವರೆಗೆ ಬರಲ್ಲ.

ಅರ್ಥಿಂಗ್_ಕೆಲಸ

ಅದರ ಜೊತೆ ಆ ಎರಡು ಕೇಬಲ್‌ಗೂ ಈಥರ್‌ನೆಟ್ ಅರೆಸ್ಟರ್ (ಹೊಡೆತವನ್ನು ಅರ್ತಿಗೆ ಇಳಿಸುವ ಪುಟ್ಟ ಪೆಟ್ಟಿಗೆ) ಹಾಕಿ. ಗಿಗಾಬಿಟ್‌ಗೂ ಪಿಒಇಗೂ ಹೊಂದುವಂಥದ್ದೇ ಆಗಬೇಕು. ಕೆಲವು ಎರಡು ಜೋಡಿ ತಂತಿಯನ್ನು ಮಾತ್ರ ಕಾಯುತ್ತವೆ, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲಿ ಒಂದು, ಸಾಧ್ಯವಾದರೆ ಕ್ಯಾಮೆರಾ ತುದಿಯಲ್ಲೂ ಒಂದು.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. ಅರೆಸ್ಟರ್ ಚೆನ್ನಾಗಿರೋದನ್ನೇ ತರ್ತಾರೆ, ಅದರ ಹಸಿರು ತಂತಿಯನ್ನು ಸುತ್ತಿ ಸುತ್ತಿ ಮೂರು ಮೀಟರ್ ದೂರದ ಅರ್ತಿಗೆ ಒಯ್ತಾರೆ. ಸಿಡಿಲಿನ ವೇಗಕ್ಕೆ ನೇರ ತಂತಿಯೂ ತಡೆಯೇ. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್ (ಕರೆಂಟ್ ದಿಢೀರ್ ಏರಿದಾಗ ತಂತಿ ಒಡ್ಡುವ ತಡೆ). ಕರೆಂಟ್ ಮೈಕ್ರೋಸೆಕೆಂಡಿಗೆ 1000 ಆಂಪಿಯರ್ ಏರಿದರೆ ಮೀಟರ್‌ಗೆ 1000 ವೋಲ್ಟ್ ಆ ತಂತಿಯ ಮೇಲೇ ನಿಲ್ಲುತ್ತೆ. ಮೂರು ಮೀಟರ್ ಅಂದ್ರೆ 3000. ಅರೆಸ್ಟರ್ ಕಷ್ಟಪಟ್ಟು ಕಡಿಮೆ ಮಾಡಿದ್ದಕ್ಕೆ ನೀವು 3000 ಸೇರಿಸಿ ಸ್ವಿಚ್‌ಗೆ ಕೊಟ್ಟ ಹಾಗೆ. ಡಿಬಿಯಲ್ಲಿ (ಕಟ್ಟಡಕ್ಕೆ ಕರೆಂಟ್ ಹಂಚುವ ಪೆಟ್ಟಿಗೆ) ಹಾಕುವ ಎಸ್‌ಪಿಡಿಗೂ (ಸರ್ಜ್ ಪ್ರೊಟೆಕ್ಟರ್) ಇದೇ ಮಾತು: ತಂತಿಯ ಒಟ್ಟು ಉದ್ದ ಅರ್ಧ ಮೀಟರ್ ದಾಟಬಾರದು, ಸುತ್ತು ಇರಬಾರದು. ಎಸ್‌ಪಿಡಿಯ ಪುಟ್ಟ ಕಿಟಕಿ ಹಸಿರಿದೆಯಾ ಕೆಂಪಾಗಿದೆಯಾ ಅಂತ ಆಗಾಗ ನೋಡಿ. ಎಂಒವಿ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತೆ.

ಗೋದಾಮಿನ ಆ 7 ವೋಲ್ಟ್ ಮರೀಬೇಡಿ. ಎಲ್ಲೋ ನ್ಯೂಟ್ರಲ್ ಜೋಡಣೆ ಸಡಿಲ ಇರಬಹುದು, ಇಲ್ಲವೇ ಅರ್ತ್ ಸರಿ ಇಲ್ಲ. ಎರಡನೇ_ಮಹಡಿ ಅವರಿಗೆ ಆದದ್ದು ಅಲ್ಲಿಂದಲೇ ಶುರುವಾಗೋದು.

ಕಚೇರಿ_ಜಾಲ

ಒಂದು ವಾರದ ನಂತರ ಬರೀತಾ ಇದ್ದೇನೆ. ಗೋದಾಮಿಗೆ ಲೋಹವಿಲ್ಲದ ಫೈಬರ್ ಎಳೆಸಿದ್ದಾಯ್ತು. ಮೊದಲ ಸಲ ಲಿಂಕ್ ಬರಲಿಲ್ಲ, ಒಂದು ತುದಿಯಲ್ಲಿ ಎರಡು ಎಳೆ ಅದಲು ಬದಲು ಮಾಡಿದ ಮೇಲೆ ಬಂತು. ಗೋದಾಮಿನ ಪ್ಯಾನೆಲ್ ಬಿಚ್ಚಿದಾಗ ನ್ಯೂಟ್ರಲ್ ಬಾರ್‌ನ ಒಂದು ಸ್ಕ್ರೂ ಕೈಯಲ್ಲೇ ತಿರುಗ್ತಾ ಇತ್ತು, ಅದರ ಕೆಳಗಿನ ತಂತಿಯ ಪ್ಲಾಸ್ಟಿಕ್ ಕಂದಾಗಿತ್ತು. ತುದಿ ಕತ್ತರಿಸಿ ಹೊಸದಾಗಿ ಕಟ್ಟಿ ಬಿಗಿದರು. ಈಗ ನ್ಯೂಟ್ರಲ್-ಅರ್ತ್ 1.4. ಅರ್ಥಿಂಗ್_ಕೆಲಸ ಅವರಿಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಅದನ್ನು ನಾವು ಎಂದೂ ಬಿಚ್ಚಿ ನೋಡ್ತಿರಲಿಲ್ಲ.

ಹೊಸ ಸ್ವಿಚ್ ಹಾಕಿ ಹಳೇ ಕಾನ್ಫಿಗರೇಶನ್ ಏರಿಸಿದೆ. ಒಂದು ಸಂಶಯ ಉಳಿದಿದೆ. 9ನೇ ಪೋರ್ಟ್‌ನ ಕಂಪ್ಯೂಟರ್ 1000 ಎಂಬಿಪಿಎಸ್ ವೇಗಕ್ಕೆ ಬದಲು 100ರಲ್ಲಿ ಲಿಂಕ್ ಆಗ್ತಾ ಇದೆ, ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟ ಡೇಟಾ ತುಣುಕುಗಳು) ಎಣಿಕೆ ಏರ್ತಾನೇ ಇದೆ. ಹಳೇ ಸ್ವಿಚ್‌ನಲ್ಲಿ ಇದು ಸತ್ತ ಎಂಟರಲ್ಲಿ ಇರಲಿಲ್ಲ.

ಜಾಲ_ನಿರ್ವಾಹಕಿ

ನಾಲ್ಕು ಜೋಡಿಯಲ್ಲಿ ಒಂದು ಕೈಕೊಟ್ಟರೆ ಹೀಗೆ 100ಕ್ಕೆ ಇಳಿಯುತ್ತೆ. ಮೊದಲು ಪ್ಯಾಚ್ ಕಾರ್ಡ್ ಬದಲಿಸಿ. ಹೋಗದಿದ್ದರೆ ಅದೇ ತಂತಿಗೆ ಚೆನ್ನಾಗಿರುವ ಲ್ಯಾಪ್‌ಟಾಪ್ ಹಾಕಿ. ಅದು 1000 ತೋರಿಸಿದರೆ ಕಂಪ್ಯೂಟರಿನ ಪೋರ್ಟ್ ಅರ್ಧ ಪೆಟ್ಟು ತಿಂದಿದೆ ಅಂತ. ಎಣಿಕೆಯನ್ನು ಸೊನ್ನೆ ಮಾಡಿ ಒಂದು ದಿನ ಬಿಟ್ಟು ಉಳಿದೆಲ್ಲ ಪೋರ್ಟ್‌ಗಳನ್ನೂ ನೋಡಿ. ಆ ರಾತ್ರಿ ಅರ್ಧ ಪೆಟ್ಟು ತಿಂದವು ಕೆಲವು ವಾರ ನಡೆದು ಆಮೇಲೆ ಬೀಳುತ್ತವೆ.

ಕಚೇರಿ_ಜಾಲ

ಲ್ಯಾಪ್‌ಟಾಪ್‌ಗೆ 1000 ಬಂತು, ಕಂಪ್ಯೂಟರಿನದೇ ಪೋರ್ಟ್. ಬೇರೆ ಲ್ಯಾನ್ ಕಾರ್ಡ್ ಹಾಕಿದೆ, ಇವತ್ತು ಸಂಜೆವರೆಗೆ ಎಣಿಕೆ ಸೊನ್ನೆ. ವಿಮೆಯ ಪಟ್ಟಿಗೆ ಅದನ್ನೂ ಸೇರಿಸಿದ್ದೇನೆ. ಮಹಡಿಯ ವೈಫೈ ಚಿಕ್ಕ ಸ್ವಿಚ್ ಮೂಲಕ ಅರೆಸ್ಟರ್ ಸಮೇತ ಓಡ್ತಾ ಇದೆ, ಹಸಿರು ತಂತಿ ಒಂದು ಗೇಣು. ಗೇಟ್ ಕ್ಯಾಮೆರಾದ ಕೇಬಲ್ ಮಾತ್ರ ಇನ್ನೂ ಸುತ್ತಿ ಮೊಳೆಗೆ ನೇತುಹಾಕಿದ್ದೇನೆ. ಕಂಬದ ತುದಿಯ ಅರೆಸ್ಟರ್ ಬರಲಿ, ಆಮೇಲೆ ಹಾಕ್ತೀನಿ.